ದೇಶ ದೇಶಗಳ ಆದಾಯ ಮತ್ತು ಜೀವನಮಟ್ಟವನ್ನು ಹೋಲಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

2017–18ರಲ್ಲಿ ಭಾರತದ ತಲಾ ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆಯನ್ನು ಜನಸಂಖ್ಯೆಯಿಂದ ಭಾಗಿಸಿದಾಗ ಬರುವ ಅಂಕಿ, ಸುಮಾರು 1,30,000 ರೂಪಾಯಿ ಇತ್ತು. 2017ರ ಸರಾಸರಿ ವಿನಿಮಯ ದರ ಡಾಲರೊಂದಕ್ಕೆ 65.12 ರೂಪಾಯಿ. ಈ ದರದಿಂದ ಭಾಗಿಸಿದರೆ ತಲೆಗೆ ಹೆಚ್ಚುಕಡಿಮೆ 2,000 ಡಾಲರ್ ಬರುತ್ತದೆ. ಆಗ ಅಮೆರಿಕದ ತಲಾ ಜಿಡಿಪಿ ಸುಮಾರು 60,000 ಡಾಲರ್ ಇದ್ದುದರಿಂದ ಭಾರತದ್ದು ಅದರ ಮೂವತ್ತರಲ್ಲೊಂದು ಪಾಲು ಎಂದಾಗುತ್ತದೆ. ಅದೇ 1,30,000 ರೂಪಾಯಿಯನ್ನು, ವಿಶ್ವ ಬ್ಯಾಂಕ್ ಸಂಯೋಜಿಸುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮವು ದೇಶಗಳ ಬೆಲೆಗಳನ್ನು ಹೋಲಿಸಿ ಅದೇ ವರ್ಷಕ್ಕೆ ನಿಗದಿಪಡಿಸಿದ 20.65 ರೂಪಾಯಿ ದರದಿಂದ ಭಾಗಿಸಿದರೆ ಸುಮಾರು 6,300 ಡಾಲರ್ ಆಗಿ, ಭಾರತದ್ದು ಅಮೆರಿಕದ ಹತ್ತರಲ್ಲೊಂದು ಪಾಲಿನ ಆಸುಪಾಸಿಗೆ ಏರುತ್ತದೆ. ಎರಡೂ ಲೆಕ್ಕಗಳು ಸರಿಯೇ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ಯಾವ ಪ್ರಶ್ನೆಗೆ ಯಾವ ಅಂಕಿಯನ್ನು ಎತ್ತಿಕೊಳ್ಳಬೇಕು, ಎತ್ತಿಕೊಂಡ ಮೇಲೆ ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ಈ ಬರಹ ಹಂತ ಹಂತವಾಗಿ ವಿವರಿಸುತ್ತದೆ. ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಕೇವಲ ಒಂದು ತಲಾ ಆದಾಯದ ಅಂಕಿಯನ್ನು ಮುಂದಿಟ್ಟು ಕೋಟ್ಯಂತರ ಜನರ ಬದುಕಿನ ಬಗ್ಗೆ ತೀರ್ಪು ಕೊಡುವುದನ್ನು ನೋಡಿದಾಗಲೆಲ್ಲ, ಈ ಕ್ರಮ ಸಾಮಾನ್ಯ ಓದುಗರಿಗೂ ತಿಳಿದಿರಬೇಕು ಎನ್ನಿಸುತ್ತದೆ.

ಹಂತ 1: ಮೊದಲು ಪ್ರಶ್ನೆಯನ್ನು ನಿಶ್ಚಯಿಸಿಕೊಳ್ಳಿ

ಹೋಲಿಕೆ ಆರಂಭಿಸುವ ಮುನ್ನ ತಿಳಿಯಬೇಕಾಗಿರುವುದೇನು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಒಂದು ದೇಶವು ಹೊರಗಿನಿಂದ ಎಷ್ಟು ಕಚ್ಚಾ ತೈಲ ಕೊಳ್ಳಬಲ್ಲದು, ವಿದೇಶಿ ಸಾಲವನ್ನು ಎಷ್ಟು ಸುಲಭವಾಗಿ ತೀರಿಸಬಲ್ಲದು ಎಂಬುದು ಪ್ರಶ್ನೆಯಾದರೆ ಮಾರುಕಟ್ಟೆಯ ವಿನಿಮಯ ದರವೇ ಸರಿಯಾದ ಅಳತೆ, ಏಕೆಂದರೆ ತೈಲದ ಬೆಲೆಯನ್ನೂ ಸಾಲದ ಕಂತನ್ನೂ ಕೊಡುವುದು ಬಹುಮಟ್ಟಿಗೆ ಡಾಲರಿನಲ್ಲಿಯೇ. ಅಲ್ಲಿನ ಜನ ತಮ್ಮ ಗಳಿಕೆಯಿಂದ ತಮ್ಮ ಊರಿನಲ್ಲಿ ಎಷ್ಟು ಕೊಳ್ಳಬಲ್ಲರು ಎಂಬುದು ಪ್ರಶ್ನೆಯಾದರೆ ಬೆಲೆಗಳ ವ್ಯತ್ಯಾಸವನ್ನು ಸರಿಪಡಿಸಿದ ಅಂಕಿ ಬೇಕು. ಅಲ್ಲಿನ ಸಾಧಾರಣ ಕುಟುಂಬ ಹೇಗಿದೆ ಎಂದು ಕೇಳುವುದಾದರೆ ಸರಾಸರಿಯನ್ನು ಬಿಟ್ಟು ನಟ್ಟನಡುವಿನ ಕುಟುಂಬದ ಅಂಕಿಯನ್ನು ಹುಡುಕಬೇಕು. ಮಕ್ಕಳು ಬದುಕುಳಿಯುತ್ತಾರೆಯೇ, ಓದುತ್ತಾರೆಯೇ ಎಂದು ಕೇಳುವುದಾದರೆ ಹಣದ ಅಂಕಿಯನ್ನು ಪಕ್ಕಕ್ಕಿಟ್ಟು ಆರೋಗ್ಯ ಮತ್ತು ಶಿಕ್ಷಣದ ಫಲಿತಾಂಶಗಳನ್ನೇ ನೇರವಾಗಿ ನೋಡಬೇಕು. ತನ್ನ ಕುಟುಂಬ ಅಲ್ಲಿಗೆ ಹೋಗಿ ನೆಲೆಸಬೇಕೇ ಎಂಬ ಪ್ರಶ್ನೆಗೆ ಇವ್ಯಾವುವೂ ಸಾಲವು. ಅದರ ಲೆಕ್ಕ ಕೊನೆಯ ಹಂತದಲ್ಲಿದೆ.

ಹಂತ 2: ಯಾರ ಆದಾಯ, ಯಾವ ಆದಾಯ ಎಂದು ನೋಡಿ

ಜಿಡಿಪಿ ಎಂದರೆ ಒಂದು ದೇಶದ ಗಡಿಯೊಳಗೆ ಒಂದು ವರ್ಷದಲ್ಲಿ ಆದ ಉತ್ಪಾದನೆಯ ಮೌಲ್ಯ. ಅದು ಅಲ್ಲಿನ ನಿವಾಸಿಗಳ ಕೈಸೇರಿದ ಹಣವೇ ಆಗಿರಬೇಕೆಂದಿಲ್ಲ. ಇದಕ್ಕೆ ಐರ್ಲೆಂಡಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. 2015ರಲ್ಲಿ ಆ ದೇಶದ ಜಿಡಿಪಿ ಒಂದೇ ವರ್ಷದಲ್ಲಿ ಸುಮಾರು ಶೇ 26ರಷ್ಟು ಬೆಳೆಯಿತೆಂದು 2016ರ ಜುಲೈನ ಅಧಿಕೃತ ಅಂದಾಜು ಹೇಳಿತು. ಹೊಸ ಕಾರ್ಖಾನೆಗಳು ಎದ್ದಿದ್ದವೆಂದಾಗಲಿ ಜನರ ಸಂಬಳ ಏರಿತ್ತೆಂದಾಗಲಿ ಇದರ ಅರ್ಥವಲ್ಲ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟು ಮುಂತಾದ ಬೌದ್ಧಿಕ ಆಸ್ತಿಗಳನ್ನು ತೆರಿಗೆಯ ಅನುಕೂಲಕ್ಕಾಗಿ ಐರ್ಲೆಂಡಿನ ಲೆಕ್ಕಪುಸ್ತಕಕ್ಕೆ ವರ್ಗಾಯಿಸಿದ್ದವು. ಜಿಡಿಪಿಯನ್ನು ನೆಚ್ಚಿ ನೀತಿ ರೂಪಿಸಲಾಗದೆಂದು ಕಂಡುಕೊಂಡ ಅಲ್ಲಿನ ಕೇಂದ್ರ ಅಂಕಿಅಂಶ ಕಚೇರಿಯು 2017ರಿಂದ ಇಂಥ ಲಾಭಗಳನ್ನು ಕಳೆದು ಪರಿಷ್ಕೃತ ರಾಷ್ಟ್ರೀಯ ಆದಾಯವೆಂಬ ಬೇರೆಯದೇ ಅಂಕಿಯನ್ನು ಪ್ರಕಟಿಸತೊಡಗಿತು. ಇತ್ತೀಚಿನ ವರ್ಷಗಳಲ್ಲಿ ಅದು ಜಿಡಿಪಿಗಿಂತ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಕಡಿಮೆಯಿದೆ.

ಲಕ್ಸೆಂಬರ್ಗಿನ ಕಥೆ ಬೇರೆ. ಅಲ್ಲಿ ದುಡಿಯುವವರಲ್ಲಿ ಅರ್ಧದ ಸಮೀಪದಷ್ಟು ಮಂದಿ ಪ್ರತಿದಿನ ಫ್ರಾನ್ಸ್, ಬೆಲ್ಜಿಯಂ ಮತ್ತು ಜರ್ಮನಿಯಿಂದ ಬಂದು ಸಂಜೆ ಹಿಂತಿರುಗುತ್ತಾರೆ. ಅವರ ದುಡಿಮೆ ಜಿಡಿಪಿಯಲ್ಲಿ ಸೇರುತ್ತದೆ, ಅವರ ತಲೆಗಳು ಅದನ್ನು ಭಾಗಿಸುವ ಜನಸಂಖ್ಯೆಯಲ್ಲಿ ಸೇರುವುದಿಲ್ಲ. ಹಾಗಾಗಿ ತಲಾ ಜಿಡಿಪಿ ಉಬ್ಬಿ ಕಾಣುತ್ತದೆ. ನೇಪಾಳದಲ್ಲಿ ಇದಕ್ಕೆ ತಿರುಗುಮುರುಗು. ಹೊರದೇಶಗಳಲ್ಲಿರುವ ನೇಪಾಳಿಗಳು ಮನೆಗೆ ಕಳಿಸುವ ಹಣ ಅಲ್ಲಿನ ಜಿಡಿಪಿಯ ಸುಮಾರು ಕಾಲುಭಾಗಕ್ಕೆ ಸಮ. ಅದು ಜಿಡಿಪಿಯ ಒಳಗಿಲ್ಲ, ಆದರೆ ಲಕ್ಷಾಂತರ ಮನೆಗಳ ಒಲೆ ಉರಿಯುವುದು ಅದರಿಂದಲೇ.

ಆದ್ದರಿಂದ ಜನರ ಬದುಕನ್ನು ಹೋಲಿಸುವಾಗ ಜಿಡಿಪಿಯನ್ನು ಬಿಟ್ಟು, ಸಾಧ್ಯವಾದರೆ ಕುಟುಂಬಗಳ ನಿಜವಾದ ಬಳಕೆಯ ಅಂಕಿಯನ್ನು ಎತ್ತಿಕೊಳ್ಳಿ. ಯೂರೋಪಿನ ಅಂಕಿಅಂಶ ಸಂಸ್ಥೆಯಾದ ಯೂರೋಸ್ಟಾಟ್ ಇದನ್ನು ‘ವಾಸ್ತವಿಕ ವೈಯಕ್ತಿಕ ಬಳಕೆ’ ಎಂಬರ್ಥದ ಹೆಸರಿನಲ್ಲಿ ಪ್ರತಿವರ್ಷ ಪ್ರಕಟಿಸುತ್ತದೆ. ಕುಟುಂಬಗಳು ಸ್ವತಃ ಕೊಂಡದ್ದರ ಜೊತೆಗೆ ಸರ್ಕಾರ ಅವರಿಗೆ ಕೊಟ್ಟ ಶಾಲೆ, ಆಸ್ಪತ್ರೆಗಳ ಸೇವೆಯೂ ಅದರಲ್ಲಿ ಸೇರಿದೆ. ಈ ಅಳತೆಯಲ್ಲಿ, ಯೂರೋಪಿಯನ್ ಒಕ್ಕೂಟದ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು ತಲಾ ಜಿಡಿಪಿ ತೋರಿಸುವ ಐರ್ಲೆಂಡ್ ಸರಾಸರಿಯ ಆಸುಪಾಸಿಗೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ.

ಹಂತ 3: ಬೆಲೆಯ ವ್ಯತ್ಯಾಸವನ್ನು ಸರಿಪಡಿಸಿ

ಇದು ಇಡೀ ಕೆಲಸದ ತಿರುಳು. ಮೊದಲಿಗೆ, ಬಡ ದೇಶಗಳಲ್ಲಿ ಕೆಲವು ವಸ್ತುಗಳು ಮಾತ್ರ ಅಷ್ಟೊಂದು ಅಗ್ಗವಾಗಿರುವುದು ಏಕೆಂದು ತಿಳಿಯಬೇಕು. ಮೊಬೈಲು, ಪೆಟ್ರೋಲು, ಉಕ್ಕು ಮುಂತಾದವು ಗಡಿ ದಾಟಿ ಮಾರಾಟವಾಗುವುದರಿಂದ ಅವುಗಳ ಬೆಲೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಸಮೀಪವಿರುತ್ತದೆ. ಕ್ಷೌರ, ಬಟ್ಟೆ ಹೊಲಿಗೆ, ಮನೆಗೆಲಸ, ಪಾಠ ಹೇಳುವುದು ಇಂಥವು ಗಡಿ ದಾಟುವುದಿಲ್ಲ. ಹುಬ್ಬಳ್ಳಿಯ ಕ್ಷೌರಿಕರೂ ಷಿಕಾಗೋದ ಕ್ಷೌರಿಕರೂ ಗಂಟೆಗೆ ಹೆಚ್ಚುಕಡಿಮೆ ಅಷ್ಟೇ ಜನರ ಕೂದಲು ಕತ್ತರಿಸುತ್ತಾರೆ. ಆದರೆ ಷಿಕಾಗೋದಲ್ಲಿ ಅವರಿಗೆ ಅಲ್ಲಿನ ಕಾರ್ಖಾನೆ, ಕಚೇರಿಗಳು ಕೊಡುವ ಸಂಬಳಕ್ಕೆ ಸರಿಸಮನಾಗಿ ಸಿಗದಿದ್ದರೆ ಆ ಕಸುಬಿನಲ್ಲಿ ಯಾರೂ ಉಳಿಯುವುದಿಲ್ಲ. ಹಾಗಾಗಿ ಕ್ಷೌರದ ದರ ಏರುತ್ತದೆ. ಅರ್ಥಶಾಸ್ತ್ರಜ್ಞರಾದ ಬೇಲಾ ಬಲಾಶ್ಶಾ ಮತ್ತು ಪಾಲ್ ಸ್ಯಾಮುಯೆಲ್ಸನ್ 1964ರಲ್ಲಿ ಬೇರೆಬೇರೆಯಾಗಿ ವಿವರಿಸಿದ ಈ ಕಾರಣದಿಂದಾಗಿ, ವಿನಿಮಯ ದರದ ಲೆಕ್ಕವು ಬಡ ದೇಶಗಳ ಜನರನ್ನು ಇರುವುದಕ್ಕಿಂತ ಬಡವರನ್ನಾಗಿ ತೋರಿಸುತ್ತದೆ.

ಇದನ್ನು ಸರಿಪಡಿಸುವ ದರಕ್ಕೆ ಕೊಳ್ಳುವ ಶಕ್ತಿಯ ಸಮತೆ, ಅಂದರೆ ಪಿಪಿಪಿ, ಎನ್ನುತ್ತಾರೆ. ಅದನ್ನು ಹೇಗೆ ಕಟ್ಟುತ್ತಾರೆಂದು ತಿಳಿಯಲು ಒಂದು ಪುಟ್ಟ ಲೆಕ್ಕ ಮಾಡೋಣ. ಇಲ್ಲಿನ ಬೆಲೆಗಳೂ ಪಾಲುಗಳೂ ಲೆಕ್ಕಕ್ಕಾಗಿ ಇಟ್ಟುಕೊಂಡವು. ಒಂದು ಕಿಲೋ ಅಕ್ಕಿ ಭಾರತದಲ್ಲಿ 60 ರೂಪಾಯಿ, ಅಮೆರಿಕದಲ್ಲಿ 2 ಡಾಲರ್: ಡಾಲರಿಗೆ 30 ರೂಪಾಯಿ. ಕ್ಷೌರ ಇಲ್ಲಿ 150 ರೂಪಾಯಿ, ಅಲ್ಲಿ 25 ಡಾಲರ್: ಡಾಲರಿಗೆ 6 ರೂಪಾಯಿ. ಮೊಬೈಲು ಇಲ್ಲಿ 80,000 ರೂಪಾಯಿ, ಅಲ್ಲಿ 800 ಡಾಲರ್: ಡಾಲರಿಗೆ 100 ರೂಪಾಯಿ. ಈಗ ಈ ಮೂರು ದರಗಳನ್ನು ಒಂದು ಮಾಡಬೇಕು. ಯಾರ ಖರ್ಚಿನ ಪ್ರಕಾರ ಎಂಬಲ್ಲಿಯೇ ತೊಡಕು.

ಅಮೆರಿಕದವರು ತಮ್ಮ ಖರ್ಚಿನಲ್ಲಿ ಶೇ 10ನ್ನು ಅಕ್ಕಿಗೆ, ಶೇ 60ನ್ನು ಸೇವೆಗಳಿಗೆ, ಶೇ 30ನ್ನು ಮೊಬೈಲಿನಂಥ ವಸ್ತುಗಳಿಗೆ ಹಾಕುತ್ತಾರೆಂದು ಇಟ್ಟುಕೊಳ್ಳಿ. ಆ ಪಾಲುಗಳಲ್ಲಿ ಮೂರು ದರಗಳ ಸರಾಸರಿ ತೆಗೆದರೆ ಡಾಲರಿಗೆ 36.6 ರೂಪಾಯಿ ಬರುತ್ತದೆ. ಭಾರತದವರ ಪಾಲು ಶೇ 50, 30 ಮತ್ತು 20 ಎಂದು ಇಟ್ಟುಕೊಂಡು, ಪ್ರತಿ ಪಾಲನ್ನು ಅದರ ದರದಿಂದ ಭಾಗಿಸಿ, ಬಂದ ಮೊತ್ತವನ್ನು ತಲೆಕೆಳಗು ಮಾಡಿದರೆ ಡಾಲರಿಗೆ 14.6 ರೂಪಾಯಿ. ಎರಡೂ ದರಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 23 ರೂಪಾಯಿ. ಇಬ್ಬರ ಖರ್ಚಿನ ರೀತಿಗೂ ಸಮಾನ ತೂಕ ಕೊಡುವ ಈ ವಿಧಾನದ ವಿಸ್ತೃತ ರೂಪವೇ ಅಧಿಕೃತ ಲೆಕ್ಕದಲ್ಲಿ ಬಳಕೆಯಾಗುತ್ತದೆ. 14.6ರಿಂದ 36.6ರವರೆಗಿನ ಹರವನ್ನು ಮಾತ್ರ ಮರೆಯಬೇಡಿ. ಪ್ರಕಟವಾದ ಪಿಪಿಪಿ ದರವು ಎರಡು ದಶಮಾಂಶ ಸ್ಥಾನಗಳವರೆಗೆ ಬರೆದಿದ್ದರೂ ಅಷ್ಟು ಖಚಿತವಾದುದಲ್ಲ. ಎರಡು ದೇಶಗಳ ಊಟ ಉಡುಗೆಗಳು ಎಷ್ಟು ಭಿನ್ನವೋ ಈ ಹರವೂ ಅಷ್ಟೇ ದೊಡ್ಡದು. ಜರ್ಮನಿ ಮತ್ತು ಫ್ರಾನ್ಸಿನ ಪಿಪಿಪಿ ಹೋಲಿಕೆಯನ್ನು ಧೈರ್ಯವಾಗಿ ನಂಬಬಹುದು. ಭಾರತ ಮತ್ತು ಅಮೆರಿಕದ್ದನ್ನು ಸ್ಥೂಲ ಅಂದಾಜೆಂದು ತೆಗೆದುಕೊಳ್ಳುವುದು ಒಳ್ಳೆಯದು.

ನಿಜವಾದ ಬೆಲೆ ಸಂಗ್ರಹ ಇದಕ್ಕಿಂತ ಎಷ್ಟೋ ಸಂಕೀರ್ಣ. ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮದ 2021ನೇ ಸಾಲಿನ ಸುತ್ತಿನಲ್ಲಿ 176 ದೇಶ ಮತ್ತು ಪ್ರದೇಶಗಳು ಭಾಗವಹಿಸಿದವು. ಏಷ್ಯಾದ ಕೆಲಸವನ್ನು ಏಷ್ಯಾ ಅಭಿವೃದ್ಧಿ ಬ್ಯಾಂಕು ಸಂಯೋಜಿಸಿತು. ಅಕ್ಕಿಯ ಬೆಲೆ ಎಂದರೆ ಸಾಲದು: ಯಾವ ತಳಿ, ನುಚ್ಚು ಎಷ್ಟು, ಚೀಲ ಎಷ್ಟು ಕಿಲೋದ್ದು, ಕೊಂಡದ್ದು ಸಂತೆಯಲ್ಲೋ ಅಂಗಡಿಯಲ್ಲೋ ಎಂಬ ವಿವರಗಳೆಲ್ಲ ಎರಡೂ ದೇಶಗಳಲ್ಲಿ ಹೊಂದಿಕೆಯಾಗಬೇಕು. ರಾಗಿಯಂಥ ಧಾನ್ಯ ಬಂದಾಗ ಹೊಂದಿಕೆ ಇನ್ನೂ ಕಷ್ಟ. ಹಳೆ ಮೈಸೂರು ಭಾಗದಲ್ಲಿ ಮುದ್ದೆಯಿಲ್ಲದ ಊಟ ಊಟವೇ ಅಲ್ಲ, ಆದರೆ ಹೆಚ್ಚಿನ ದೇಶಗಳ ಅಂಗಡಿಗಳಲ್ಲಿ ರಾಗಿ ಸಿಗುವುದೇ ಇಲ್ಲ, ಸಿಕ್ಕರೂ ಆರೋಗ್ಯ ಆಹಾರವೆಂದು ದುಬಾರಿ ಬೆಲೆಗೆ ಸಿಗುತ್ತದೆ. ಇಥಿಯೋಪಿಯಾದ ಟೆಫ್ ಧಾನ್ಯಕ್ಕೂ ಇದೇ ಸಮಸ್ಯೆ. ಜನ ನಿಜವಾಗಿ ತಿನ್ನುವುದನ್ನು ಹೋಲಿಸಲಾಗದು, ಹೋಲಿಸಬಹುದಾದುದನ್ನು ಜನ ಹೆಚ್ಚು ತಿನ್ನುವುದಿಲ್ಲ.

ಇದೇ ಕಾರಣಕ್ಕೆ ಸುತ್ತಿನಿಂದ ಸುತ್ತಿಗೆ ಅಂಕಿಗಳು ಜಿಗಿಯುತ್ತವೆ. 1985ರ ನಂತರ ಭಾರತ ಮತ್ತೆ ಬೆಲೆ ಸಂಗ್ರಹದಲ್ಲಿ ಸೇರಿದ್ದು 2005ರ ಸುತ್ತಿನಲ್ಲಿ. ಚೀನಾ ಸೇರಿದ್ದು ಅದೇ ಮೊದಲು. 2007ರ ಡಿಸೆಂಬರಿನಲ್ಲಿ ಫಲಿತಾಂಶ ಬಂದಾಗ ಎರಡೂ ದೇಶಗಳ ಆರ್ಥಿಕತೆಯ ಪಿಪಿಪಿ ಗಾತ್ರ ಹಿಂದಿನ ಅಂದಾಜಿಗಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಗ್ಗಿತು. 2014ರಲ್ಲಿ 2011ರ ಸುತ್ತಿನ ಫಲಿತಾಂಶ ಬಂದಾಗ ಆ ಇಳಿಕೆಯ ಗಣನೀಯ ಭಾಗ ಮತ್ತೆ ಮೇಲೇರಿತು. ಈ ನಡುವೆ ಎರಡೂ ದೇಶಗಳಲ್ಲಿ ಯಾರ ತಟ್ಟೆಯಲ್ಲಿನ ಅನ್ನವೂ ಲೆಕ್ಕದ ಈ ಏರಿಳಿತದಿಂದ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ. ವಿಶ್ವ ಬ್ಯಾಂಕಿನ ಕಡುಬಡತನದ ರೇಖೆ ಈಗ ದಿನಕ್ಕೆ 3 ಡಾಲರ್. 2025ರ ಜೂನ್‌ಗೆ ಮುಂಚೆ ಅದು 2.15 ಡಾಲರ್ ಇತ್ತು. ಇವು ಪಿಪಿಪಿ ಡಾಲರುಗಳು. ಇದನ್ನು ಮಾರುಕಟ್ಟೆಯ ವಿನಿಮಯ ದರದಿಂದ ಗುಣಿಸಿ, ದಿನಕ್ಕೆ ಇನ್ನೂರೈವತ್ತು ರೂಪಾಯಿಗಿಂತ ಕಡಿಮೆ ಖರ್ಚು ಮಾಡುವವರೆಲ್ಲ ಕಡುಬಡವರು ಎಂದು ಬರೆಯುವುದು ತಪ್ಪು. 2.15 ಡಾಲರಿನ ರೇಖೆಯು 2017ರ ಭಾರತದ ಬೆಲೆಯಲ್ಲಿ ದಿನಕ್ಕೆ ಸುಮಾರು 45 ರೂಪಾಯಿ ಮಾತ್ರ. ಆ ರೇಖೆ ಎಷ್ಟು ಕೆಳಗಿದೆ ಎಂಬುದು ಸರಿಯಾದ ದರ ಹಾಕಿದಾಗಲೇ ಅರಿವಿಗೆ ಬರುತ್ತದೆ.

ಹಂತ 4: ವರ್ಷ ಮತ್ತು ಬೆಲೆಯ ಆಧಾರ ಒಂದೇ ಇರಲಿ

ಎರಡು ದೇಶಗಳ ಅಂಕಿಗಳು ಒಂದೇ ವರ್ಷದವಾಗಿರಬೇಕು, ಒಂದೇ ಪಿಪಿಪಿ ಸುತ್ತಿನವಾಗಿರಬೇಕು. ಹಲವು ವರ್ಷಗಳ ಬೆಳವಣಿಗೆಯನ್ನು ಹೋಲಿಸುವುದಾದರೆ ವಿಶ್ವ ಬ್ಯಾಂಕಿನ ದತ್ತಾಂಶದಲ್ಲಿ ‘ಸ್ಥಿರ 2021 ಅಂತರರಾಷ್ಟ್ರೀಯ ಡಾಲರ್’ ಎಂಬರ್ಥದ ಸರಣಿಯನ್ನೇ ಆರಿಸಿ. ‘ಪ್ರಚಲಿತ’ ಎಂದಿರುವ ಸರಣಿಯಲ್ಲಿ ಹಣದುಬ್ಬರವೂ ಬೆರೆತಿರುತ್ತದೆ. ಭಾರತದ ಆರ್ಥಿಕ ವರ್ಷ ಏಪ್ರಿಲಿನಿಂದ ಮಾರ್ಚಿನವರೆಗೆ ಎಂಬುದನ್ನೂ ಟಿಪ್ಪಣಿ ಮಾಡಿಕೊಳ್ಳಿ.

ಹಂತ 5: ಸರಾಸರಿಯಿಂದ ನಡುವಿನ ಮನೆಗೆ ಬನ್ನಿ

ಅಮೆರಿಕದ ಜನಗಣತಿ ಕಚೇರಿಯ ಪ್ರಕಾರ 2023ರಲ್ಲಿ ಅಲ್ಲಿನ ಕುಟುಂಬ ಆದಾಯದ ಮಧ್ಯಾಂಕ 80,610 ಡಾಲರ್. ಅಂದರೆ ಅರ್ಧದಷ್ಟು ಕುಟುಂಬಗಳ ಆದಾಯ ಇದಕ್ಕಿಂತ ಕಡಿಮೆ, ಇನ್ನರ್ಧದ್ದು ಹೆಚ್ಚು. ಅದೇ ವರ್ಷದ ಸರಾಸರಿಯಾದರೋ ಒಂದು ಲಕ್ಷ ಡಾಲರಿಗೂ ಹೆಚ್ಚು. ಮೇಲಿನ ತುದಿಯ ಕೆಲವರ ಗಳಿಕೆ ಸರಾಸರಿಯನ್ನು ಎಳೆದೊಯ್ದಿದೆ. ಸಾಧಾರಣ ಜನರ ಬದುಕನ್ನು ಕುರಿತ ಯಾವುದೇ ಹೋಲಿಕೆಯಲ್ಲಿ ಮಧ್ಯಾಂಕಕ್ಕೇ ಮೊದಲ ಸ್ಥಾನ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ವಿಶ್ವ ಬ್ಯಾಂಕಿನ ಬಡತನ ಮತ್ತು ಅಸಮಾನತೆ ದತ್ತಾಂಶ ತಾಣದಲ್ಲಿ ಬಹುತೇಕ ದೇಶಗಳ ಮಧ್ಯಾಂಕವು ಪಿಪಿಪಿ ಡಾಲರಿನಲ್ಲಿ ಸಿಗುತ್ತದೆ.

ಆದರೆ ಅಲ್ಲಿ ಒಂದು ಹಳ್ಳವಿದೆ. ಶ್ರೀಮಂತ ದೇಶಗಳ ಸಮೀಕ್ಷೆಗಳು ಬಹುಮಟ್ಟಿಗೆ ಆದಾಯವನ್ನು ಕೇಳುತ್ತವೆ. ಭಾರತದ ಅಧಿಕೃತ ಗೃಹಬಳಕೆ ವೆಚ್ಚ ಸಮೀಕ್ಷೆ ಖರ್ಚನ್ನು ಕೇಳುತ್ತದೆ, ಏಕೆಂದರೆ ರೈತರ, ಕೂಲಿಯವರ, ಸಣ್ಣ ವ್ಯಾಪಾರಿಗಳ ಆದಾಯ ತಿಂಗಳಿಂದ ತಿಂಗಳಿಗೆ ಏರುಪೇರಾಗುತ್ತದೆ. 2023–24ರ ಸಮೀಕ್ಷೆಯಲ್ಲಿ ತಲಾ ಮಾಸಿಕ ಖರ್ಚು ಗ್ರಾಮಗಳಲ್ಲಿ 4,122 ರೂಪಾಯಿ, ನಗರಗಳಲ್ಲಿ 6,996 ರೂಪಾಯಿ ಎಂದು ಕಂಡುಬಂತು. ಆದಾಯ ಹೆಚ್ಚಿದಂತೆ ಉಳಿತಾಯವೂ ಹೆಚ್ಚುವುದರಿಂದ ಖರ್ಚಿನಲ್ಲಿನ ಅಸಮಾನತೆ ಆದಾಯದಲ್ಲಿನದಕ್ಕಿಂತ ಸಾಮಾನ್ಯವಾಗಿ ಕಡಿಮೆ ಕಾಣುತ್ತದೆ. ಅಸಮಾನತೆಯನ್ನು 0ಯಿಂದ 100ರವರೆಗೆ ಅಳೆಯುವ ಗಿನಿ ಸೂಚ್ಯಂಕವು ಹೆಚ್ಚಿದಷ್ಟೂ ಅಸಮಾನತೆ ಹೆಚ್ಚು. 2025ರಲ್ಲಿ, 2022–23ರ ಭಾರತದ ಗಿನಿ ಸೂಚ್ಯಂಕ 25.5 ಎಂದು ವಿಶ್ವ ಬ್ಯಾಂಕಿನ ಟಿಪ್ಪಣಿಯೊಂದು ಕೊಟ್ಟ ಅಂಕಿಯನ್ನು ಆಧರಿಸಿ ಭಾರತವು ಜಗತ್ತಿನ ನಾಲ್ಕನೆಯ ಅತಿ ಸಮಾನ ದೇಶವೆಂಬ ಮಾತು ದೇಶದೆಲ್ಲೆಡೆ ಹರಡಿತು. ಆ 25.5 ಖರ್ಚಿನ ಗಿನಿ. ಅದನ್ನು ಹೋಲಿಸಿದ ಹಲವು ದೇಶಗಳದ್ದು ಆದಾಯದ ಗಿನಿ. ವಿಶ್ವ ಅಸಮಾನತಾ ದತ್ತಾಂಶ ಸಂಗ್ರಹದ ಪ್ರಕಾರ ಭಾರತದ ಆದಾಯದ ಗಿನಿ 2023ರಲ್ಲಿ 62 ಎಂಬುದನ್ನು ವಿಶ್ವ ಬ್ಯಾಂಕಿನ ಅದೇ ಟಿಪ್ಪಣಿಯೇ ಹೇಳಿತ್ತು. ಖರ್ಚನ್ನು ಖರ್ಚಿನೊಂದಿಗೆ, ಆದಾಯವನ್ನು ಆದಾಯದೊಂದಿಗೆ ಮಾತ್ರ ಹೋಲಿಸಿ. ಹಾಗೆ ಹೋಲಿಸಲು ಅಂಕಿಯೇ ಇಲ್ಲವಾದರೆ ಹೋಲಿಕೆಯನ್ನು ಕೈಬಿಡಿ.

ಕುಟುಂಬದ ಗಾತ್ರವನ್ನೂ ಗಮನಿಸಿ. ನಾಲ್ವರು ಒಂದೇ ಮನೆಯಲ್ಲಿದ್ದರೆ ಬಾಡಿಗೆ, ಅಡುಗೆಮನೆ, ಫ್ರಿಜ್ಜು ಎಲ್ಲವೂ ಒಂದೇ. ಒಬ್ಬಂಟಿಯ ನಾಲ್ಕರಷ್ಟು ಖರ್ಚು ಬರುವುದಿಲ್ಲ. ಹಾಗಾಗಿ ಕುಟುಂಬದ ಆದಾಯವನ್ನು ಸದಸ್ಯರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವುದು ಒಂದು ರೂಢಿ. ನಾಲ್ವರ ಕುಟುಂಬದ 8 ಲಕ್ಷ ರೂಪಾಯಿ ಆದಾಯವು ತಲಾ ಲೆಕ್ಕದಲ್ಲಿ 2 ಲಕ್ಷ, ಈ ಲೆಕ್ಕದಲ್ಲಿ 4 ಲಕ್ಷ. ಸರಾಸರಿ ಕುಟುಂಬದಲ್ಲಿ ನಾಲ್ಕಕ್ಕಿಂತ ತುಸು ಹೆಚ್ಚು ಜನರಿರುವ ಭಾರತವನ್ನು ಸುಮಾರು ಇಬ್ಬರಿರುವ ಜರ್ಮನಿಯೊಂದಿಗೆ ಹೋಲಿಸುವಾಗ ಇದು ಸಣ್ಣ ವ್ಯತ್ಯಾಸವಲ್ಲ.

ಹಂತ 6: ಹಣದ ಲೆಕ್ಕಕ್ಕೆ ಸಿಗದಿರುವುದನ್ನು, ತಪ್ಪಾಗಿ ಸಿಗುವುದನ್ನು ಗುರುತಿಸಿ

ಕರ್ನಾಟಕದ ಎರಡು ಸಂಗತಿಗಳು ಇದನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ತೋರಿಸುತ್ತವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಮಹಿಳೆಯರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ದಿನವೂ ಹಳ್ಳಿಯಿಂದ ಪಟ್ಟಣದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಒಬ್ಬ ಹೆಣ್ಣುಮಗಳ ಪ್ರಯಾಣವೆಚ್ಚ ಸಮೀಕ್ಷೆಯ ನಮೂನೆಯಲ್ಲಿ ಸೊನ್ನೆಯಾಗುತ್ತದೆ. ಉಳಿದ ಹಣವನ್ನು ಅವರು ಬೇರೆಡೆ ಖರ್ಚು ಮಾಡದೆ ಚೀಟಿಗೆ ಕಟ್ಟಿದರೆ ಆ ಮನೆಯ ‘ಬಳಕೆ’ ಇಳಿದಂತೆ ಕಾಣುತ್ತದೆ. ಬದುಕು ಮಾತ್ರ ಹಿಂದಿಗಿಂತ ಸುಧಾರಿಸಿರುತ್ತದೆ. ಇನ್ನೊಂದೆಡೆ, 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಹೊರವಲಯದ ಬಡಾವಣೆಗಳ ಜನ ಟ್ಯಾಂಕರ್ ನೀರಿಗೆ ದುಬಾರಿ ಹಣ ತೆತ್ತರು. ಸಮೀಕ್ಷೆಯಲ್ಲಿ ಅದು ಹೆಚ್ಚಿದ ಬಳಕೆ, ಜಿಡಿಪಿಯಲ್ಲಿ ಅದು ಹೆಚ್ಚಿದ ಉತ್ಪಾದನೆ. ಮನೆಯವರ ಪಾಲಿಗೆ ಹಿಂದೆ ನಲ್ಲಿಯಲ್ಲಿಯೋ ಬೋರಿನಲ್ಲಿಯೋ ಬರುತ್ತಿದ್ದ ನೀರೇ ಈಗ ಹಣ ಕೊಟ್ಟು, ಕಾದು, ಅಳೆದು ಬಳಸಬೇಕಾದ ನೀರು.

ದೇಶಗಳ ನಡುವೆಯೂ ಹೀಗೆಯೇ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ. ಅಮೆರಿಕದಲ್ಲಿ ಅದಕ್ಕೆಂದೇ ಕುಟುಂಬಗಳು ಸಾಲ ಮಾಡುತ್ತವೆ. ಅಮೆರಿಕದ ತಲಾ ಬಳಕೆ ಹೆಚ್ಚು ಕಾಣುವುದರಲ್ಲಿ ಆರೋಗ್ಯದ ಪಾಲು ದೊಡ್ಡದು: ಅಲ್ಲಿ ಜಿಡಿಪಿಯ ಶೇ 17ರ ಆಸುಪಾಸು ಆರೋಗ್ಯಕ್ಕೇ ಹೋಗುತ್ತದೆ. ಆದ್ದರಿಂದ ಹೋಲಿಸುವ ಪ್ರತಿ ದೇಶಕ್ಕೂ, ಶಾಲೆ, ಆಸ್ಪತ್ರೆ, ಪಡಿತರ, ಸಾರಿಗೆ, ಕುಡಿಯುವ ನೀರು ಇವುಗಳಲ್ಲಿ ಜನ ಕೈಯಿಂದ ಕೊಡುವುದೆಷ್ಟು, ಸರ್ಕಾರದಿಂದ ಬರುವುದೆಷ್ಟು ಎಂದು ಒಂದು ಪಟ್ಟಿ ಮಾಡಿಕೊಳ್ಳಿ.

ಸಮಯವೂ ಲೆಕ್ಕಕ್ಕೆ ಬರಬೇಕು. ಜರ್ಮನಿಯಲ್ಲಿ ದುಡಿಯುವವರು ವರ್ಷಕ್ಕೆ ಸರಾಸರಿ 1,340 ಗಂಟೆಯ ಆಸುಪಾಸು ಕೆಲಸ ಮಾಡುತ್ತಾರೆ, ಅಮೆರಿಕದಲ್ಲಿ ಸುಮಾರು 1,800, ಮೆಕ್ಸಿಕೋದಲ್ಲಿ ಸುಮಾರು 2,200. ಎರಡು ದೇಶಗಳ ಆದಾಯದ ವ್ಯತ್ಯಾಸದಲ್ಲಿ ಎಷ್ಟು ಪಾಲು ಹೆಚ್ಚು ಹೊತ್ತಿನ ದುಡಿಮೆಯಿಂದ ಬಂದದ್ದು ಎಂದು ನೋಡದೆ ಒಂದನ್ನು ಶ್ರೀಮಂತವೆನ್ನುವುದು ಅರೆಬರೆ ಮಾತು. ಇನ್ನು ಸಂಬಳವಿಲ್ಲದ ಮನೆಗೆಲಸ: ಭಾರತದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಈ ಕೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಪುರುಷರು 88 ನಿಮಿಷ. ಈ ದುಡಿಮೆ ಜಿಡಿಪಿಯಲ್ಲಿ ಎಲ್ಲಿಯೂ ಇಲ್ಲ.

ಹಂತ 7: ಫಲಿತಾಂಶವನ್ನು ನೇರವಾಗಿ ನೋಡಿ

1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ, ಅಮರ್ತ್ಯ ಸೇನ್ ಅವರ ಚಿಂತನೆಯ ಬೆಂಬಲದೊಂದಿಗೆ ಬಂದ ಮಾನವ ಅಭಿವೃದ್ಧಿ ಸೂಚ್ಯಂಕವು ಆಯುಷ್ಯ, ಶಿಕ್ಷಣ, ಆದಾಯ ಮೂರನ್ನೂ ಸೇರಿಸುತ್ತದೆ. 2023ರ ಅಂಕಿಗಳ ಪ್ರಕಾರ ಭಾರತದ ಸೂಚ್ಯಂಕ 0.685, 193 ದೇಶಗಳಲ್ಲಿ 130ನೇ ಸ್ಥಾನ. ಅಸಮಾನತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು ಶೇ 30.7ರಷ್ಟು ಕುಸಿಯುತ್ತದೆ. ಸ್ಥಾನಕ್ಕಿಂತ ಈ ಕುಸಿತವೇ ಹೆಚ್ಚು ಹೇಳುತ್ತದೆ. ಆದರೂ ಒಟ್ಟು ಸೂಚ್ಯಂಕದಲ್ಲಿಯೇ ನಿಂತುಬಿಡಬೇಡಿ. ಬಿಡಿ ಅಂಕಿಗಳನ್ನು ತೆರೆದು ನೋಡಿ.

ಮಕ್ಕಳ ಕುಂಠಿತ ಬೆಳವಣಿಗೆ, ಅಂದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದು, ನನ್ನ ದೃಷ್ಟಿಯಲ್ಲಿ ಅತಿ ಪ್ರಾಮಾಣಿಕ ಅಳತೆಗಳಲ್ಲೊಂದು. ಆಹಾರ, ಶುದ್ಧ ನೀರು, ಶೌಚಾಲಯ, ತಾಯಿಯ ಆರೋಗ್ಯ ಎಲ್ಲವೂ ಐದು ವರ್ಷದೊಳಗಿನ ಮಗುವಿನ ಎತ್ತರದಲ್ಲಿ ದಾಖಲಾಗುತ್ತವೆ; ಅದಕ್ಕೆ ವಿನಿಮಯ ದರವೂ ಬೇಡ, ಪಿಪಿಪಿಯೂ ಬೇಡ. ಭಾರತದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಂಥ ಮಕ್ಕಳು ಶೇ 35.5. ತಲಾ ಆದಾಯದಲ್ಲಿ ಭಾರತಕ್ಕೆ ಬಹಳ ದೂರವಿಲ್ಲದ ಬಾಂಗ್ಲಾದೇಶದಲ್ಲಿ 2022ರ ಸಮೀಕ್ಷೆಯಲ್ಲಿ ಶೇ 24. ಶ್ರೀಲಂಕಾದಲ್ಲಿ 2016ರಲ್ಲಿಯೇ ಶೇ 17. ಆದಾಯದ ಪಟ್ಟಿಯನ್ನಷ್ಟೇ ನೋಡುವವರಿಗೆ ಈ ಅಂತರ ಕಾಣುವುದೇ ಇಲ್ಲ. ಹಾಗೆಯೇ, ಅಮೆರಿಕದ ತಲಾ ಆದಾಯದ ಅರ್ಧವೂ ಇಲ್ಲದ ಕೋಸ್ಟರಿಕಾದ ಜನ ಸರಾಸರಿ ಅಮೆರಿಕದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ.

ಹಂತ 8: ಅಂಕಿಯ ಗುಣಮಟ್ಟ ಪರೀಕ್ಷಿಸಿ

2014ರಲ್ಲಿ ನೈಜೀರಿಯಾ ತನ್ನ ಜಿಡಿಪಿಯ ಮೂಲ ವರ್ಷವನ್ನು, ಅಂದರೆ ಲೆಕ್ಕಕ್ಕೆ ಆಧಾರವಾಗಿಟ್ಟುಕೊಂಡ ವರ್ಷವನ್ನು, ಬದಲಿಸಿದಾಗ, ಹಿಂದೆ ಸರಿಯಾಗಿ ಲೆಕ್ಕಕ್ಕೆ ಬಾರದಿದ್ದ ದೂರಸಂಪರ್ಕ, ಚಿತ್ರೋದ್ಯಮ ಮುಂತಾದವು ಸೇರಿ ಆರ್ಥಿಕತೆಯ ಗಾತ್ರ ಶೇ 89ರಷ್ಟು ಹಿಗ್ಗಿತು. 2010ರಲ್ಲಿ ಘಾನಾದಲ್ಲಿ ಸುಮಾರು ಶೇ 60ರಷ್ಟು ಏರಿಕೆಯಾಗಿತ್ತು. ಅಸಂಘಟಿತ ವಲಯ ದೊಡ್ಡದಿರುವ ದೇಶಗಳಲ್ಲಿ ಶೇ 10, 20ರ ವ್ಯತ್ಯಾಸವನ್ನು ಆಧರಿಸಿ ‘ಇವರು ಅವರನ್ನು ಹಿಂದಿಕ್ಕಿದರು’ ಎಂದು ಬರೆಯಬಾರದು. ಬಳಕೆದಾರರೇ ಬೆಲೆ ತುಂಬುವ ಜೀವನವೆಚ್ಚದ ಜಾಲತಾಣಗಳು ದೊಡ್ಡ ನಗರಗಳ, ಇಂಗ್ಲಿಷ್ ಬಲ್ಲ, ಬಾಡಿಗೆ ಮನೆಯ ಜನರ ಬೆಲೆಗಳನ್ನು ಕೊಡುತ್ತವೆ. ದೇಶದ ಹೋಲಿಕೆಗೆ ಅವನ್ನು ಬಳಸಬೇಡಿ. ಬರೆದುಕೊಂಡ ಪ್ರತಿ ಅಂಕಿಯ ಮುಂದೆ ವರ್ಷ, ಮೂಲ, ದರದ ಬಗೆ, ಆದಾಯವೋ ಖರ್ಚೋ ಎಂಬುದನ್ನು ದಾಖಲಿಸಿ.

ಹಂತ 9: ಒಂದು ಕುಟುಂಬದ ನಿರ್ಧಾರಕ್ಕೆ ಬೇರೆಯೇ ಲೆಕ್ಕ

ಕರಾವಳಿಯ ಸಾವಿರಾರು ಕುಟುಂಬಗಳು ಕೊಲ್ಲಿ ದೇಶಗಳ ದುಡಿಮೆಯನ್ನು ನೆಚ್ಚಿವೆ. ಬೆಂಗಳೂರಿನ ಎಂಜಿನಿಯರುಗಳು ಜರ್ಮನಿ, ಅಮೆರಿಕಗಳ ಅವಕಾಶಗಳನ್ನು ತೂಗಿ ನೋಡುತ್ತಾರೆ. ಇಂಥ ನಿರ್ಧಾರಕ್ಕೆ ದೇಶದ ಪಿಪಿಪಿ ದರ ಸರಿಹೊಂದುವುದಿಲ್ಲ, ವಿನಿಮಯ ದರವೊಂದೇ ಸಾಕಾಗುವುದೂ ಇಲ್ಲ. ಸಂಬಳವನ್ನು ಎರಡು ಭಾಗ ಮಾಡಬೇಕು: ಅಲ್ಲಿ ಖರ್ಚಾಗುವುದು ಮತ್ತು ಊರಿಗೆ ಬರುವುದು.

ದುಬೈನಲ್ಲಿ ತಿಂಗಳಿಗೆ 8,000 ದಿರ್ಹಮ್ ಸಂಬಳ, ದಿರ್ಹಮಿಗೆ 23 ರೂಪಾಯಿ ಎಂದು ಇಟ್ಟುಕೊಳ್ಳಿ. ನೇರವಾಗಿ ಗುಣಿಸಿದರೆ 1,84,000 ರೂಪಾಯಿ. ಅದರಲ್ಲಿ 5,000 ದಿರ್ಹಮ್ ಬಾಡಿಗೆ, ಊಟ, ಮಗುವಿನ ಶಾಲೆಗೆ ಅಲ್ಲಿಯೇ ಹೋಗುತ್ತದೆ ಎನ್ನೋಣ. ಅದೇ ಬಗೆಯ ಮನೆ, ಊಟ, ಶಾಲೆಗೆ ಮಂಗಳೂರಿನಲ್ಲಿ 45,000 ರೂಪಾಯಿ ಸಾಕಾಗುವುದಾದರೆ ಆ ಭಾಗದ ಬೆಲೆ ಅಷ್ಟೇ. ಉಳಿದ 3,000 ದಿರ್ಹಮ್ ಬ್ಯಾಂಕಿನ ದರದಲ್ಲಿ 69,000 ರೂಪಾಯಿಯಾಗಿ ಊರು ಸೇರುತ್ತದೆ. ಎರಡನ್ನೂ ಕೂಡಿಸಿದರೆ 1,14,000 ರೂಪಾಯಿ. ಮಂಗಳೂರಿನಲ್ಲಿ ತೆರಿಗೆ ಕಳೆದು ಕೈಗೆ ಬರುವ ಸಂಬಳವನ್ನು ಈ ಮೊತ್ತದೊಂದಿಗೆ ಹೋಲಿಸಬೇಕು. ಕುಟುಂಬವನ್ನು ಊರಿನಲ್ಲಿಯೇ ಬಿಟ್ಟು ಒಬ್ಬರೇ ಹೋದರೆ ಉಳಿತಾಯದ ಭಾಗ ಹಿಗ್ಗಿ ಲೆಕ್ಕ ಬದಲಾಗುತ್ತದೆ; ಆ ಹೆಚ್ಚಳದ ಎದುರಿಗೆ ಮಕ್ಕಳಿಂದ ದೂರವಿರುವ ವರ್ಷಗಳನ್ನೂ ಬರೆದುಕೊಳ್ಳಬೇಕು, ಅದಕ್ಕೆ ರೂಪಾಯಿಯ ಬೆಲೆ ಕಟ್ಟಲಾಗದಿದ್ದರೂ.

ತಿಂಗಳ ಲೆಕ್ಕ ಮುಗಿದ ಮೇಲೆ ಮುಪ್ಪಿನ ಲೆಕ್ಕ ಹಾಕಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಹೊರಗಿನಿಂದ ಬಂದ ಖಾಸಗಿ ನೌಕರರಿಗೆ ಸಾಮಾನ್ಯವಾಗಿ ಪಿಂಚಣಿಯಿಲ್ಲ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನಗಳ, ನಂತರ 30 ದಿನಗಳ ಮೂಲ ವೇತನದ ಲೆಕ್ಕದಲ್ಲಿ ಸೇವಾಂತ್ಯದ ಇಡಿಗಂಟು ಸಿಗುತ್ತದೆ. ಜರ್ಮನಿಯಲ್ಲಿ ಐದು ವರ್ಷ ವಂತಿಗೆ ಕಟ್ಟಿದರೆ ಪಿಂಚಣಿಯ ಹಕ್ಕು ಬರುತ್ತದೆ. ಭಾರತ ಮತ್ತು ಜರ್ಮನಿಯ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ ತಿಂಗಳಿನಿಂದ ಜಾರಿಯಲ್ಲಿರುವುದರಿಂದ ಎರಡೂ ಕಡೆಯ ಸೇವಾವಧಿಯನ್ನು ಅರ್ಹತೆಗಾಗಿ ಒಟ್ಟುಗೂಡಿಸಲು ಅವಕಾಶವಿದೆ. ಅಮೆರಿಕದೊಂದಿಗೆ ಭಾರತಕ್ಕೆ ಅಂಥ ಒಪ್ಪಂದವಿಲ್ಲ. ಅಲ್ಲಿ ನಿವೃತ್ತಿ ವೇತನದ ಅರ್ಹತೆಗೆ ಸಾಮಾನ್ಯವಾಗಿ ಹತ್ತು ವರ್ಷಗಳ ವಂತಿಗೆ ಬೇಕು. ಆರು ವರ್ಷದ ವೀಸಾ ಮುಗಿಸಿ ಊರಿಗೆ ಮರಳುವವರ ಸಂಬಳದಿಂದ ತಿಂಗಳು ತಿಂಗಳೂ ಕಡಿತವಾದ ಶೇ 6.2ರ ಸಾಮಾಜಿಕ ಭದ್ರತಾ ವಂತಿಗೆಯನ್ನು, ಹೋಲಿಕೆಯ ಪಟ್ಟಿಯಲ್ಲಿ ಉಳಿತಾಯದ ಸಾಲಿನಲ್ಲಿ ಬರೆಯದೆ ಖರ್ಚಿನ ಸಾಲಿನಲ್ಲಿಯೇ ಬರೆಯಬೇಕು.